ಇಲ್ಲದ ಸೂತಕ

ಬಾವಿಕಟ್ಟೆಯ ಮೇಲೆ ನಿಂತು ಕೊಡದ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದ ಚಂದಯ್ಯ ಶೆಟ್ಟರಿಗೆ ಇದು ಇವತ್ತಿನ ಸ್ನಾನವೋ, ನಿನ್ನೆಯದೇ ಇನ್ನೂ ಮುಗಿದಿಲ್ಲವೋ ಎಂಬ ಸಂಶಯ ಬಂತು. ಐದು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ನೀರು ಕಣ್ಣ ಮೇಲಿಂದ ಇಳಿಯುವಷ್ಟು ಹೊತ್ತು ಎದುರಿನ ಗೇರುಮರ, ದನದ ಕೊಟ್ಟಿಗೆ, ಒಣಗಲು ಹಾಕಿದ ತೆಂಗಿನ ಸೋಗೆ ಎಲ್ಲ ಕರಗಿ ಒಂದರೊಳಗೊಂದು ಸೇರಿ, ನೀರು ಇಳಿದ ಮೇಲೆ ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದವು. ಹಾಗೆ ನಿಲ್ಲುವಾಗ ಏನೋ ಒಂದು ಮಾತ್ರ ವಾಪಸು ಬಂದಿಲ್ಲವೆಂದು ಪ್ರತಿ ಸಲ ಅನಿಸುತ್ತಿತ್ತು. ಉಜ್ಜಿ ಉಜ್ಜಿ ಬೆರಳ ತುದಿಗಳು ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಇಷ್ಟು ಶುದ್ಧವಾದ ಮೈ ತನ್ನದಲ್ಲ, ಯಾರದೋ ಮೈಯನ್ನು ತನಗೆ ತೊಳೆಯಲು ಕೊಟ್ಟು ಹೋಗಿದ್ದಾರೆ ಎಂದು ಒಂದು ಗಳಿಗೆ ತೋರಿತು. ಅಡುಗೆಮನೆಯ ಹಿಂಬಾಗಿಲ ಹಿಂದೆ ಹೆಂಡತಿ ಉಮಾವತಿ ಬಿಂದಿಗೆ ಹಿಡಿದು ನಿಂತಿರುವುದು ಅವರಿಗೆ ತಿಳಿದಿತ್ತು. ತಾನು ಹಗ್ಗ ಬಿಟ್ಟು ಅಂಗಳ ದಾಟುವವರೆಗೆ ಅವಳು ಹೊರಗೆ ಬರುವುದಿಲ್ಲ. ಅವಳಿಗೆ ಸೂತಕ. ಅವಳ ಮಗ ಸತ್ತು ಇವತ್ತಿಗೆ ಐದನೆಯ ದಿನ. ಅವಳ ಮಗ ಎಂದುಕೊಂಡ ಮೇಲೆ ಚಂದಯ್ಯ ಶೆಟ್ಟರು ಕೊಡವನ್ನು ಕೆಳಗಿಟ್ಟು, ಆ ಮಾತನ್ನು ಆಡಿದವರು ಯಾರೆಂದು ಸುತ್ತ ನೋಡಿದರು.

ಸುಶಾಂತ ಅವರ ಮಗನೇ. ಅದರಲ್ಲಿ ಹಾಲಾಡಿಯ ಯಾರಿಗೂ ಸಂಶಯವಿರಲಿಲ್ಲ. ಮೂಗು, ಕಿವಿ, ನಡೆಯುವಾಗ ಎಡಕ್ಕೆ ಒಂದಿಷ್ಟು ವಾಲುವುದು, ಎಲ್ಲ ಅಪ್ಪನದೇ. ಆದರೆ ಕಟ್ಟು, ಕಟ್ಟಳೆ ಎಂಬುದು ಮೂಗು ಕಿವಿ ನೋಡುವುದಿಲ್ಲ. ಅಳಿಯಸಂತಾನದ ಹಳೆಯ ಕಟ್ಟಿನಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು, ಸಾವಿನ ಸೂತಕ ಹಿಡಿಯುವುದು ಆ ಬಳಿಯವರಿಗೆ. ಅಪ್ಪನ ಬಳಿ ಬೇರೆ. ಅದು ಅವನ ತಾಯಿಯದು, ತಂಗಿಯದು, ತಂಗಿಯ ಮಕ್ಕಳದು. ಹಾಗಾಗಿ ಮಗ ಸತ್ತರೆ ಅಪ್ಪನಿಗೆ ಸೂತಕವಿಲ್ಲ. ಈಗ ಅಷ್ಟೆಲ್ಲ ಯಾರು ನೋಡುತ್ತಾರೆ? ಅಪ್ಪ ಅಮ್ಮ ಎಲ್ಲ ಒಟ್ಟಿಗೇ ಹದಿಮೂರು ದಿನ ಕೂತು, ಸೂತಕ ಕಳೆಯುವ ದಿನ ಬೊಜ್ಜದ ಊಟ ಹಾಕಿಸಿ ಏಳುತ್ತಾರೆ. ಆದರೆ ಊರವರು ಬಿಟ್ಟದ್ದನ್ನು ಚಂದಯ್ಯ ಶೆಟ್ಟರು ಬಿಟ್ಟಿರಲಿಲ್ಲ. ಹಾಲಾಡಿಯಿಂದ ಶಂಕರನಾರಾಯಣದವರೆಗೆ, ಆಚೆ ಬೈಂದೂರಿನ ನೆಂಟರವರೆಗೆ, ಯಾರ ಮನೆಯಲ್ಲಿ ಸಾವಾದರೂ ಅವರಿಗೆ ಫೋನು ಬರುತ್ತಿತ್ತು. "ಶೆಟ್ರೆ, ತೀರಿ ಹೋದದ್ದ್ ನಮ್ಮ್ ಅಜ್ಜಿ ತಂಗಿ ಮೊಮ್ಮಗ. ನಮ್ಗ್ ಹಿಡಿತ್ತಾ?" ಶೆಟ್ಟರು ಕಣ್ಣು ಮುಚ್ಚಿ, ಸತ್ತುಹೋದ ನಾಲ್ಕಾರು ಹೆಂಗಸರ ಹೆಸರನ್ನು ಸಾಲಾಗಿ ಹೇಳಿಕೊಂಡು, "ಹಿಡಿತ್ತ್" ಎಂದೋ "ಇಲ್ಲೆ" ಎಂದೋ ತೀರ್ಪು ಕೊಡುತ್ತಿದ್ದರು. ತೀರ್ಪಿನ ಮೇಲೆ ಎರಡು ಮಾತಿಲ್ಲ. ಅದರಲ್ಲಿ ಅವರಿಗೆ ಸುಖವಿತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಗದ್ದೆಗೆ ಆಳು ಸಿಗುವುದಿಲ್ಲ, ಮಕ್ಕಳು ಮಾತು ಕೇಳುವುದಿಲ್ಲ, ಮದುವೆಗಳು ಕಲ್ಯಾಣಮಂಟಪದೊಳಗೆ ಒಂದು ತಾಸಿಗೆ ಮುಗಿದುಹೋಗುತ್ತವೆ. ಎಲ್ಲ ಜಾರುತ್ತಿರುವಾಗ ಇದೊಂದು ಕಲ್ಲು ಕಾಲ ಕೆಳಗೆ ಗಟ್ಟಿಯಾಗಿತ್ತು.

ಬೊಂಬಾಯಿಯಿಂದ ಅಳಿಯ ಪ್ರೇಮಾನಂದ ಫೋನು ಮಾಡಿದಾಗಲೂ ಅವರು ಆ ಕಲ್ಲಿನ ಮೇಲೆಯೇ ನಿಂತಿದ್ದರು. ಸುಶಾಂತ ಇದ್ದದ್ದು ಪ್ರೇಮಾನಂದನ ಹೋಟೆಲಿನಲ್ಲಿ. ಮೂರು ದಿನ ಜ್ವರ, ನಾಲ್ಕನೆಯ ದಿನ ಆಸ್ಪತ್ರೆ, ಅಷ್ಟೇ. ಫೋನನ್ನು ಕೆಳಗಿಡುವಷ್ಟರಲ್ಲಿ ಇನ್ನೊಂದು ಫೋನು ಬಂತು. ತಂಗಿ ಜಲಜ, ಪ್ರೇಮಾನಂದನ ತಾಯಿ, ಅಳುತ್ತ ಹೇಳಿದಳು: "ಅಣ್ಣಯ್ಯ, ಹಾಯ್ಗುಳಿ ಪೂಜಿ ಮುಂದ್ ಹಾಕುವ. ದೈವ ಎಂತದೂ ಹೇಳುದಿಲ್ಲೆ." ಅದು ಅವರ ಬಳಿಯ ಮೂಲಮನೆ, ತರವಾಡು ಮನೆಯ ದೈವ ಹಾಯ್ಗುಳಿಗೆ ವರ್ಷಕ್ಕೊಮ್ಮೆ ನಡೆಯುವ ಪೂಜೆ, ಯಜಮಾನ ಚಂದಯ್ಯ ಶೆಟ್ಟರು ಏಳು ದಿನದ ನೇಮ ಹಿಡಿದು ಆಗಲೇ ಎರಡು ದಿನವಾಗಿತ್ತು. ತಂಗಿ ಕೇಳಿದ್ದು ಪ್ರಶ್ನೆಯೇ ಅಲ್ಲ. ಆದರೆ ಫೋನು ಕಿವಿಯ ಹತ್ತಿರವಿತ್ತು, ಆಚೆಯಿಂದ ಒಂದು ಸಾವಿನ ಸುದ್ದಿ ಬಂದಿತ್ತು, ಇಪ್ಪತ್ತಾರು ವರ್ಷದ ಅಭ್ಯಾಸದಿಂದ ಅವರ ಕಣ್ಣು ತಾನಾಗಿ ಮುಚ್ಚಿತು, ಬಾಯಿ ತಾನಾಗಿ ತೆರೆಯಿತು. "ಎಂತಕೆ ಮುಂದ್ ಹಾಕುದ್? ನಂಗ್ ಸೂತಕ ಇಲ್ಯಲೆ." ಆ ಕಡೆ ತಂಗಿಯ ಅಳು ಒಮ್ಮೆಗೇ ನಿಂತದ್ದು ಅವರಿಗೆ ಈಗಲೂ ಕೇಳಿಸುತ್ತಿತ್ತು. ಹೇಳಿ ಮುಗಿದ ಮೇಲೆ ತಾನು ಯಾರ ವಿಷಯದಲ್ಲಿ ತೀರ್ಪು ಕೊಟ್ಟೆನೆಂದು ಹೊಳೆಯಿತು. ಕೊಟ್ಟ ತೀರ್ಪನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಹಾಗೆ ಒಮ್ಮೆಯೂ ಮಾಡಿರಲಿಲ್ಲ.

ಒದ್ದೆ ಪಂಚೆ ಹಿಂಡಿ ಅವರು ಅಂಗಳ ದಾಟಿದರು. ಹಿಂದೆ ಬಾಗಿಲ ಕೊಂಡಿಯ ಸದ್ದು, ಬರಿಗಾಲು ನೆಲಕ್ಕೆ ತಾಗುವ ಸದ್ದು, ರಾಟೆ ಕಿರುಗುಟ್ಟುವ ಸದ್ದು. ತಿರುಗಿ ನೋಡಲಿಲ್ಲ. ಅಂಗಳದ ಆ ಮೂಲೆಯಲ್ಲಿ ಹಲಸಿನ ಮರ, ಅದರ ಕೆಳಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇನ್ನೂ ಹಾಗೇ ಇತ್ತು. ಅವತ್ತು ಯಾರೋ ಅದನ್ನು ತಂದು ಅವರಿಗೆ ಹಾಕಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಆಂಬುಲೆನ್ಸ್ ಬಂತು, ಮಗನನ್ನು ಅಂಗಳದಲ್ಲಿ ಮಲಗಿಸಿದರು, ನೇಮ ಹಿಡಿದವರು ಹೆಣ ಮುಟ್ಟಬಾರದು, ಮುಟ್ಟಿದವರನ್ನೂ ಮುಟ್ಟಬಾರದು. ಅವರು ಕೊಡೆ ಬಿಡಿಸಿಕೊಂಡು ಹಲಸಿನ ಮರದ ಕೆಳಗೆ ಕೂತರು. ಅಲ್ಲಿಂದ ಜನರ ಕಾಲುಗಳ ನಡುವೆ ಮಗನ ಪಾದ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದ್ದರು. ಬಂದವರು ಉಮಾವತಿಯ ಹತ್ತಿರ ಹೋಗಿ ಅತ್ತು, ಅವಳ ತಮ್ಮನ ಹೆಗಲು ಹಿಡಿದು, ಮತ್ತೆ ಇವರ ಮುಂದೆ ಹಾದುಹೋಗುವಾಗ ಕೈ ಮುಗಿಯುವುದೋ ಬಿಡುವುದೋ ತಿಳಿಯದೆ ಅರ್ಧ ಎತ್ತಿದ ಕೈಯಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಉಪ್ಪುಂದದಿಂದ ಬಂದ ಹಳೆಯ ಪರಿಚಯದವರೊಬ್ಬರು, "ಹ್ವಾಯ್ ಶೆಟ್ರೆ, ನೀವೆಂತ ಇಲ್ ಕೂತದ್ದ್?" ಎಂದು ಕೇಳಿ, ಪಕ್ಕದವನು ಕಿವಿಯಲ್ಲಿ ಏನೋ ಹೇಳಿದ ಮೇಲೆ, "ಓ, ಹಾಂಗಾ" ಎಂದು ಬಾಯಿ ಮುಚ್ಚಿಕೊಂಡು ಹೋದರು. ಉಮಾವತಿಯ ತಮ್ಮನೇ ಬೆಂಕಿ ಕೊಟ್ಟ. ಹೆಣ ಎತ್ತುವ ಮೊದಲು ಉಮಾವತಿ ಒಮ್ಮೆ ತಲೆಯೆತ್ತಿ ಮರದ ಕಡೆ ನೋಡಿದಳು. ಅದು ಸಿಟ್ಟಿನ ನೋಟವಾಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಬಸ್ಸು ಬಂತೋ ಎಂದು ರಸ್ತೆಯ ಕಡೆ ನೋಡುವವರ ಹಾಗೆ ನೋಡಿ, ಬಂದಿಲ್ಲವೆಂದು ಗೊತ್ತಾದ ಮೇಲೆ ಕಣ್ಣು ತಗ್ಗಿಸಿದ್ದಳು.

ತರವಾಡು ಮನೆಗೆ ಬಯಲು ದಾಟಿ ಹೋಗಬೇಕು. ಕೊಯ್ಲು ಮುಗಿದ ಗದ್ದೆಗಳು ಬಾಯಿ ಬಿಟ್ಟು ಮಲಗಿದ್ದವು. ಎಲ್ಲಿಂದಲೋ ಕೊಳೆತ ಗೇರುಹಣ್ಣಿನ ಸಿಹಿಯಾದ ಹುಳಿ ವಾಸನೆ ಬರುತ್ತಿತ್ತು. ಬಿಸಿಲಿಗೆ ದೂರದ ತೆಂಗಿನ ಸಾಲು ನೆಲ ಬಿಟ್ಟು ಒಂದಿಷ್ಟು ಮೇಲೆ ನಿಂತ ಹಾಗೆ ಕಾಣುತ್ತಿತ್ತು. ಚಂದಯ್ಯ ಶೆಟ್ಟರು ಗದ್ದೆಯಂಚಿನ ಮೇಲೆ ನಡೆಯುತ್ತಿದ್ದರು, ಅವರ ಹಿಂದೆ ಇನ್ನೊಬ್ಬರು ನಡೆಯುತ್ತಿದ್ದರು. ಸಣ್ಣ ಕಾಲು, ಬೇಗ ಬೇಗ ಇಡುವ ಹೆಜ್ಜೆ. ಆಗ ಸುಶಾಂತನಿಗೆ ಆರು ವರ್ಷ. ಇದೇ ಪೂಜೆಯ ನೇಮದ ದಿನ, ಇದೇ ಬಾವಿಕಟ್ಟೆ. ಮಿಂದು ಬಂದ ಅಪ್ಪನ ಬೆನ್ನಿಗೆ ಹಿಂದಿನಿಂದ ಓಡಿಬಂದು ಅಂಗೈ ಒತ್ತಿ, "ಅಪ್ಪಯ್ಯ, ಮುಟ್ದೆ!" ಎಂದು ಕೂಗಿ ಓಡಿದ. ಶಾಲೆಯ ಬಟ್ಟೆಯಲ್ಲಿದ್ದ, ಎಲ್ಲೆಲ್ಲೋ ಕೂತು ಬಂದಿದ್ದ. ಚಂದಯ್ಯ ಶೆಟ್ಟರು ಮಾತಾಡದೆ ವಾಪಸು ಹೋಗಿ ಇನ್ನೊಮ್ಮೆ ಮಿಂದರು. ಹುಡುಗನಿಗೆ ಅದು ಆಟವೆನಿಸಿತು. ಮತ್ತೆ ಓಡಿಬಂದು ಮುಟ್ಟಿದ, ಮತ್ತೆ ಮಿಂದರು. ಮೂರನೆಯ ಸಲ ನಗು ತಡೆಯಲಾರದೆ ಅವನು ಅಂಗಳದಲ್ಲಿ ಬಿದ್ದು ಹೊರಳಾಡುತ್ತಿದ್ದ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖದಲ್ಲಿ ಏನೂ ಇಲ್ಲದೆ, ಹಲ್ಲು ಕಡಕಡಿಸುತ್ತ, ನಾಲ್ಕನೆಯ ಸಲ ಕೊಡ ಎತ್ತಿ ಸುರಿದುಕೊಳ್ಳುವ ಅಪ್ಪನನ್ನು ನೋಡಿ ನೋಡಿ ಹುಡುಗನ ನಗು ಮೆಲ್ಲಗೆ ಇಂಗಿಹೋಯಿತು. ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಅದರಲ್ಲಿ ಏನು ಹತ್ತಿದೆ ಎಂದು. ಮತ್ತೆ ಚಡ್ಡಿಗೆ ಒರೆಸಿಕೊಂಡ. ಚಂದಯ್ಯ ಶೆಟ್ಟರು ಅಂಚಿನ ಮೇಲೆ ನಿಂತರು. ಹಿಂದಿನ ಹೆಜ್ಜೆಯೂ ನಿಂತಿತು. ಈಗ ಬೆನ್ನಿಗೆ ಒಂದು ಅಂಗೈ ಬೀಳುತ್ತದೆ ಎಂದು ಅವರು ಉಸಿರು ಹಿಡಿದು ಕಾದರು. ಗಾಳಿ ಬಂದು ಒದ್ದೆ ಪಂಚೆ ತೊಡೆಗೆ ಅಂಟಿತು, ಬೇರೆ ಏನೂ ಆಗಲಿಲ್ಲ.

ತರವಾಡು ಮನೆಯ ಜಗಲಿಯಲ್ಲಿ ಪಾತ್ರಿ ಶೀನ ಪೂಜಾರಿ ಕೂತು ಅಡಿಕೆಯ ಹಿಂಗಾರ ಬಿಡಿಸುತ್ತಿದ್ದ. ಉಳಿದ ದಿನ ಹಾಲಾಡಿ ಪೇಟೆಯಲ್ಲಿ ರಿಕ್ಷಾ ಓಡಿಸುವವನು, ವರ್ಷಕ್ಕೊಂದು ದಿನ ಅವನ ಮೈಮೇಲೆ ಹಾಯ್ಗುಳಿ ಬರುತ್ತದೆ. ಶೆಟ್ಟರನ್ನು ಕಂಡು ಎದ್ದು ನಿಂತ. ಸುಶಾಂತ ಊರಿಗೆ ಬಂದಾಗಲೆಲ್ಲ ಕುಂದಾಪುರದಿಂದ ಮನೆಗೆ ಅವನ ರಿಕ್ಷಾದಲ್ಲೇ ಬರುತ್ತಿದ್ದ. "ಶೆಟ್ರೆ, ಈ ವರ್ಷ ಬೇಡ ಇದ್ದಿತ್ತ್," ಎಂದ, ನೆಲ ನೋಡುತ್ತ. "ನಂಗೇ ಮನ್ಸ್ ಬತ್ತಿಲ್ಲೆ. ನಿಮ್ಗ್ ಹ್ಯಾಂಗ್ ಬತ್ತ್?" ಇದು ಎರಡನೆಯ ಸಲ ತೆರೆದ ಬಾಗಿಲು. ಚಂದಯ್ಯ ಶೆಟ್ಟರಿಗೆ ಅದರೊಳಗೆ ನುಗ್ಗಿ ಅವನ ಹೆಗಲ ಮೇಲೆ ತಲೆಯಿಡಬೇಕೆನಿಸಿತು. "ಮನ್ಸ್ ಕೇಂಡ್ಕಂಡ್ ಕಟ್ ಮಾಡಿದ್ದಲ್ಲ ಶೀನ," ಎಂದು ಅವರ ಬಾಯಿ ಹೇಳಿತು. ತನ್ನ ಬಾಯಿ ಹೀಗೆ ತನ್ನನ್ನು ಕೇಳದೆಯೇ ಮಾತಾಡುವುದಕ್ಕೆ ಯಾವಾಗ ಶುರುಮಾಡಿತು ಎಂದು ಯೋಚಿಸುತ್ತ ಅವರು ಒಳಗೆ ಹೋದರು.

ಒಳಗೆ ಜಲಜ ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದಳು. ಪ್ರೇಮಾನಂದ ಮಾವನ ಕಡೆ ಕಣ್ಣೆತ್ತಿ ನೋಡದೆ ಎಳನೀರಿನ ಗೊನೆ ಇಳಿಸುತ್ತಿದ್ದ. ಹೆಣದ ಜೊತೆ ಆಂಬುಲೆನ್ಸಿನಲ್ಲಿ ಕೂತು ಬಂದವನು ಅವನೇ. ಹೊರಗೆ ಜಗಲಿಯ ಕಂಬಕ್ಕೆ ಒರಗಿ ಒಂದು ದಿನ ಸ್ವಾತಿ ಕೂತಿದ್ದಳು, ಜಲಜನ ಮಗಳು, ಮದುವೆಯ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು. ತೊಂಬತ್ತೊಂಬತ್ತನೆಯ ಇಸವಿ. ಚಪ್ಪರದೊಳಗೆ ಅಡುಗೆ ಅರ್ಧ ಆಗಿತ್ತು, ಬ್ರಹ್ಮಾವರದ ಗಂಡಿನ ಕಡೆಯವರು ದಾರಿಯಲ್ಲಿದ್ದರು. ಆಗ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ: ಪುಣೆಯಲ್ಲಿ ಕೊರಗ ಶೆಟ್ಟರು ತೀರಿಕೊಂಡು ಆರು ದಿನ. ಅವರನ್ನು ಆ ಮನೆಯಲ್ಲಿ ಒಬ್ಬರೂ ಕಂಡಿರಲಿಲ್ಲ. ಆದರೆ ಅವರ ತಾಯಿಯ ತಾಯಿ ಈ ಮನೆಯಿಂದ ಹೋದವಳು, ಒಂದೇ ಬಳಿ. ಕಾರ್ಡನ್ನು ಓದದ ಹಾಗೆ ಜೇಬಿಗೆ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು, ಅಂಚೆಯವನೂ ಹಾಗೆಂದು ಕಣ್ಣಿನಲ್ಲೇ ಹೇಳಿದ್ದ. ಚಂದಯ್ಯ ಶೆಟ್ಟರು ಚಪ್ಪರದ ನಡುವೆ ನಿಂತು ಅದನ್ನು ಗಟ್ಟಿಯಾಗಿ ಓದಿದರು. ಮದುವೆ ನಿಂತಿತು, ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಸಂಜೆ ಗದ್ದೆಯಂಚಿನ ಮೇಲೆ ಮನೆಗೆ ಹೋಗುವಾಗ ಹದಿನೇಳು ವರ್ಷದ ಸುಶಾಂತ ಕೇಳಿದ್ದ: "ಅಪ್ಪಯ್ಯ, ಆ ಕೊರಗ ಶೆಟ್ರನ್ನ್ ನೀವ್ ಕಂಡಿದ್ರ್ಯಾ?"

"ಕಾಂಬುದ್ ಎಂತಕೆ? ನಮ್ಮ್ ಬಳಿಯವ್ರ್."

"ಹಾಂಗಾರೆ ನಾನ್ ನಿಮ್ಗ್ ಎಂತ ಆಯ್ಕ್?"

"ಮಗ."

"ಅಷ್ಟೆಯಾ?"

"ಅಷ್ಟೆ."

ಹುಡುಗ ನಕ್ಕಿದ್ದ. ಆ ನಗುವನ್ನು ಚಂದಯ್ಯ ಶೆಟ್ಟರು ಆಗ ತುಂಟತನವೆಂದುಕೊಂಡಿದ್ದರು. ಈಗ ಅರಿಸಿನದ ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತಾಗ ಅದನ್ನು ಮತ್ತೆ ಕಿವಿಯೊಳಗೆ ಕೇಳಿಸಿಕೊಂಡರು. ಅದರಲ್ಲಿ ತುಂಟತನ ಎಷ್ಟಿತ್ತು, ಬೇರೆಯದು ಎಷ್ಟಿತ್ತು ಎಂದು ಬಿಡಿಸಲಾಗಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ ಅವನು ಬೊಂಬಾಯಿಗೆ ಹೊರಟ. ಕುಂದಾಪುರದ ಬಸ್ ನಿಲ್ದಾಣ, ಮಧ್ಯಾಹ್ನದ ಬಸ್ಸು, ಎಂಜಿನ್ ಶುರುವಾಗಿ ಇಡೀ ಬಸ್ಸು ಅದುರುತ್ತಿತ್ತು. ಕೈಚೀಲ ಕೆಳಗಿಟ್ಟು ಅಪ್ಪನ ಕಾಲಿಗೆ ಬಗ್ಗಿದವನು ಅರ್ಧದಲ್ಲಿ ನಿಂತು, ತಲೆಯೆತ್ತಿ ಕೇಳಿದ: "ಮುಟ್ಲಕ್ಕಾ?" ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ಅವರಿಗೆ ಗೊತ್ತಾಗಲಿಲ್ಲ. ಇಪ್ಪತ್ತೊಂದು ವರ್ಷದ ಮಗ, ಮೀಸೆ ಬಂದ ಮಗ, ತನ್ನನ್ನು ಮುಟ್ಟಲು ಅಪ್ಪಣೆ ಕೇಳುತ್ತಿದ್ದಾನೆ. ಅವತ್ತು ಯಾವ ನೇಮವೂ ಇರಲಿಲ್ಲ. "ಅಕ್ಕ್ ಅಕ್ಕ್, ಬೇಗ ಹತ್ತ್, ಬಸ್ ಹೊರಡ್ತ್," ಎಂದಿದ್ದರು. ಅವನು ಮುಟ್ಟಿದನೇ? ಬೆರಳು ತಾಗಿತೇ, ಇಲ್ಲ ಕಾಲ ಮುಂದಿನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡನೇ? ಐದು ದಿನದಿಂದ ಚಂದಯ್ಯ ಶೆಟ್ಟರು ಆ ಗಳಿಗೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದರು. ಹೆಬ್ಬೆರಳ ಮೇಲೆ ಏನೋ ತಾಗಿದ ಹಾಗೆ ಒಮ್ಮೊಮ್ಮೆ ನೆನಪಾಗುತ್ತಿತ್ತು. ಅದು ಬಸ್ಸಿನ ಅದುರುವಿಕೆಯೂ ಇರಬಹುದು.

ಹನ್ನೆರಡು ಗಂಟೆಗೆ ಜಾಗಟೆ ಶುರುವಾಯಿತು. ಬಂದವರು ಇಪ್ಪತ್ತು ಮೂವತ್ತು ಜನ, ಎಲ್ಲ ಬಳಿಯವರು, ಗುಡಿಯ ಮುಂದೆ ಎರಡು ಸಾಲಾಗಿ ನಿಂತರು. ಧೂಪದ ಹೊಗೆಯೊಳಗೆ ಶೀನನ ಮೈ ಮೊದಲು ಬೆರಳ ತುದಿಯಲ್ಲಿ, ಮತ್ತೆ ಮೊಣಕೈಯಲ್ಲಿ, ಮತ್ತೆ ಹೆಗಲಲ್ಲಿ ನಡುಗಿ, ಒಮ್ಮೆಗೇ ನೆಟ್ಟಗಾಯಿತು. ಕಣ್ಣು ರಿಕ್ಷಾದ ಶೀನನದಾಗಿ ಉಳಿಯಲಿಲ್ಲ. ದೈವವು ಕತ್ತಿಯನ್ನು ನೆಲಕ್ಕೂರಿ ಯಜಮಾನನ ಎದುರು ಬಂದು ನಿಂತಿತು. ಹಿಂಗಾರ ಮುಟ್ಟುವ ಮೊದಲು ಅದು ಒಂದು ಮಾತು ಕೇಳುತ್ತದೆ, ಯಜಮಾನ ಒಂದು ಮಾತು ಹೇಳುತ್ತಾನೆ. ಇಪ್ಪತ್ತಾರು ವರ್ಷ ಅದು ಹಾಗೇ ನಡೆದಿತ್ತು.

"ಎಜಮಾನಾ, ಮನಿ ಶುದ್ಧ ಇತ್ತಾ?"

"ಇತ್ತ್."

"ನೀ ಶುದ್ಧ ಇದ್ಯಾ?"

ಇದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಹೊಗೆ ಕಣ್ಣಿಗೆ ಹೋಗಿ ನೀರು ಬಂತು, ನೀರಿನೊಳಗೆ ದೈವ, ಗುಡಿ, ಜನ ಎಲ್ಲ ಕರಗಿ ಸೇರಿಕೊಂಡವು, ಅದರ ನಡುವೆ ಎರಡು ಪಾದ ಮಾತ್ರ ಸ್ಪಷ್ಟವಾಗಿ, ಹೆಬ್ಬೆರಳು ಕಟ್ಟಿಸಿಕೊಂಡು, ತಮ್ಮ ಜಾಗದಲ್ಲೇ ಇದ್ದವು. ಈ ಸಲ ಚಂದಯ್ಯ ಶೆಟ್ಟರು ಬಾಯಿಯನ್ನು ಅದರ ಪಾಡಿಗೆ ಬಿಡಲಿಲ್ಲ. ಹಿಡಿದು ನಿಲ್ಲಿಸಿ, ತಾವೇ ಮಾತಾಡಿದರು. "ಇಲ್ಲೆ. ನಾ ಶುದ್ಧ ಇಲ್ಲೆ. ನನ್ನ್ ಮಗ ಸತ್ತಿದ್ದ. ನಂಗ್ ಸೂತಕ ಇತ್ತ್."

ಜಾಗಟೆ ನಿಂತಿತು. ಸಾಲಿನಲ್ಲಿ ಯಾರೋ ಕೆಮ್ಮಿದರು. ಪ್ರೇಮಾನಂದ ಮುಂದೆ ಬಂದು, ಸಣ್ಣ ಸ್ವರದಲ್ಲಿ, ಕಣ್ಣು ತುಂಬಿಕೊಂಡು ಹೇಳಿದ: "ಮಾವ, ಎಂತ ಹೇಳ್ತಾ ಇದ್ರಿ? ನಿಮ್ಗ್ ಇಲ್ಲೆ. ಸುಶಾಂತ ಅತ್ತಿ ಬಳಿಯವ. ನೀವೇ ಹೇಳಿದ್ದಲ್ದಾ?" ಮಾವನನ್ನು ನೋಯಿಸಲೆಂದು ಅವನು ಹೇಳಿದ್ದಲ್ಲ. ಮುಳುಗುವವನ ಕಡೆ ಹಗ್ಗ ಎಸೆಯುವ ಹಾಗೆ ಎಸೆದಿದ್ದ. ಸಾಲಿನಿಂದ ಉಳಿದವರೂ ಒಬ್ಬೊಬ್ಬರಾಗಿ ಎಸೆದರು. ಯಾರದೋ ಮಗಳು ಸತ್ತಾಗ ಇವರೇ ಹೀಗೆಂದಿದ್ದು, ಇನ್ಯಾರದೋ ಗಂಡ ಸತ್ತಾಗ ಇವರೇ ಹಾಗೆ ಹೇಳಿ ಕಳಿಸಿದ್ದು, ಸ್ವಾತಿಯ ಮದುವೆಯ ದಿನ ಚಪ್ಪರದಲ್ಲಿ ನಿಂತು ಬಳಿ ಎಂದರೇನೆಂದು ಬಿಡಿಸಿ ಹೇಳಿದ್ದು, ಎಲ್ಲರಿಗೂ ಬಾಯಿಪಾಠವಾಗಿತ್ತು. ಇಷ್ಟು ಚೆನ್ನಾಗಿ ಕಲಿಸಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಜಲಜ ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು. "ನಂಗ್ ಮಗ ಅಲ್ದಾ?" ಎಂದು ಚಂದಯ್ಯ ಶೆಟ್ಟರು ಕೇಳಿದರು, ಯಾರನ್ನೆಂದಿಲ್ಲ. "ಮಗ ಹೌದ್ ಮಾವ. ಸೂತಕ ಇಲ್ಲೆ, ಅಷ್ಟೆ," ಎಂದ ಪ್ರೇಮಾನಂದ.

ದೈವ ಇಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತಿತ್ತು. "ಕಟ್ ಹೇಳಿದ್ದ್ ನೀ. ನಡ್ಸುದ್ ನಾ," ಎಂದಿತು ಕೊನೆಗೆ. "ನಿಂಗ್ ಮೈಲ್ಗಿ ಇಲ್ಲೆ. ದೀಪ ಹಚ್." ಆ ಸ್ವರದಲ್ಲಿ ಶೀನನ ಕನಿಕರ ಒಂದಿಷ್ಟಾದರೂ ಇದೆಯೇ ಎಂದು ಅವರು ಹುಡುಕಿದರು, ಸಿಕ್ಕಲಿಲ್ಲ. ಯಾರೋ ಅವರ ಕೈಗೆ ಬತ್ತಿ ಕೊಟ್ಟರು. ತಾನೇ ಕಟ್ಟಿದ ಮನೆಯಿಂದ ತನ್ನನ್ನು ಹೊರಗೆ ಹಾಕಿದ್ದರು, ಎಷ್ಟು ಗೌರವದಿಂದ, ಎಷ್ಟು ಪ್ರೀತಿಯಿಂದ. ಅವರು ದೀಪ ಹಚ್ಚಿದರು. ಎಳನೀರು ಕೆತ್ತಿದರು, ಹಿಂಗಾರ ಕೊಟ್ಟರು, ಒಂದೂ ತಪ್ಪಲಿಲ್ಲ. ಕೈಗಳು ಎಲ್ಲವನ್ನೂ ತಿಳಿದುಕೊಂಡಿದ್ದವು, ಅವಕ್ಕೆ ಚಂದಯ್ಯ ಶೆಟ್ಟರ ಅಗತ್ಯವೇ ಇರಲಿಲ್ಲ.

ಊಟಕ್ಕೆ ಕೂರಲಿಲ್ಲ. ಪ್ರಸಾದವನ್ನು ಸೂತಕದ ಮನೆಗೆ ಒಯ್ಯುವ ಹಾಗಿಲ್ಲವೆಂದು ಜಲಜನ ಕೈಗೆ ಕೊಟ್ಟು ಬಯಲಿಗೆ ಇಳಿದರು. ಎರಡು ಗಂಟೆಯ ಬಿಸಿಲು. ಗದ್ದೆ, ಅಂಚು, ಆಕಾಶ ಎಲ್ಲ ಒಂದೇ ಬಿಳಿಯಾಗಿ, ತಾನು ನಡೆಯುತ್ತಿದ್ದೇನೋ ಬಯಲೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದಾಯಿತು. ಹಿಂದೆ ಹೆಜ್ಜೆಯ ಸದ್ದು ಇರಲಿಲ್ಲ. ಒಮ್ಮೆ ನಿಂತು, ತಿರುಗಿ, "ಬಾ" ಎಂದರು. ತಮ್ಮ ಸ್ವರಕ್ಕೆ ತಮಗೇ ನಾಚಿಕೆಯಾಯಿತು. ಹದಿಮೂರು ದಿನ ತಲೆ ಬಾಚದೆ, ಯಾರ ಮನೆಗೂ ಹೋಗದೆ, ಮೂಲೆಯಲ್ಲಿ ಕೂತು ಬಿಡುವುದು ಎಷ್ಟು ದೊಡ್ಡ ಸವಲತ್ತು ಎಂದು ಅವರಿಗೆ ಈಗ ಹೊಟ್ಟೆಕಿಚ್ಚಾಯಿತು. ಪುಣೆಯ ಕೊರಗ ಶೆಟ್ಟರಿಗಾಗಿ ಅವರು ಹಾಗೆ ಕೂತಿದ್ದರು, ಉಳಿದ ಏಳು ದಿನವನ್ನು ಒಂದೂ ಬಿಡದೆ. ಬಂದವರೆಲ್ಲ ಎದುರು ಕೂತು ಮರುಗಿದ್ದರು. ಆ ಏಳು ದಿನದಲ್ಲಿ ಒಂದನ್ನಾದರೂ ಯಾರಾದರೂ ವಾಪಸು ಕೊಡಬಹುದೇ ಎಂದು, ಬಿಸಿಲಿಗೆ ತಲೆ ಕೆಟ್ಟವರ ಹಾಗೆ, ಯೋಚಿಸಿದರು.

ಮನೆಯಲ್ಲಿ ಯಾರ ಸದ್ದೂ ಇರಲಿಲ್ಲ. ಎದುರು ಜಗಲಿಯಲ್ಲಿ ಅವರ ಚಾಪೆ, ಅವರೇ ಬೇಯಿಸಿಕೊಳ್ಳುವ ಸಣ್ಣ ಪಾತ್ರೆ, ಮಡಚಿದ ಪಂಚೆ ಇದ್ದವು. ಅಲ್ಲಿ ಕೂರದೆ ಮನೆಯನ್ನು ಸುತ್ತು ಹಾಕಿ ಹಿಂಬದಿಗೆ ಹೋದರು. ಉಮಾವತಿ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಬಾಲ್ದಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೆಣದ ಜೊತೆ ಬಂದ ಮಗನ ಚೀಲ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು. ಒಂದು ನೀಲಿ ಅಂಗಿಯ ಕಾಲರನ್ನು ಅವಳು ಉಜ್ಜುತ್ತಿದ್ದಳು, ನಾಳೆ ಯಾರೋ ತೊಟ್ಟುಕೊಂಡು ಕೆಲಸಕ್ಕೆ ಹೋಗಲಿಕ್ಕಿದೆ ಎಂಬಷ್ಟು ಗಮನ ಕೊಟ್ಟು.

"ಪೂಜಿ ಆಯ್ತಾ?" ಎಂದಳು, ತಲೆಯೆತ್ತದೆ.

"ಆಯ್ತ್."

"ದೈವ ಎಂತ ಹೇಳ್ತ್?"

"ನಂಗ್ ಸೂತಕ ಇಲ್ಲೆ ಅಂದ್ಹೇಳಿ ಹೇಳ್ತ್."

ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ಉಜ್ಜತೊಡಗಿತು. "ಹೌದಲೆ. ನಿಮ್ಗ್ ಇಲ್ಲೆ."

ಅದರಲ್ಲಿ ಕೊಂಕು ಇರಲಿಲ್ಲ. ಮೂವತ್ತು ವರ್ಷ ಆ ಮನೆಯ ಕಟ್ಟಿನೊಳಗೆ ಬಾಳಿದವಳು ಗೊತ್ತಿದ್ದದ್ದನ್ನು ಹೇಳಿದಳು, ಅಷ್ಟೇ. ಚಂದಯ್ಯ ಶೆಟ್ಟರು ಮೆಟ್ಟಿಲು ಹತ್ತಿದರು. ಅವಳು ಸೆರಗನ್ನು ತನ್ನ ಕಡೆ ಎಳೆದುಕೊಂಡು ಗೋಡೆಗೆ ಸರಿದಳು. "ಅಲ್ಲೇ ನಿಲ್ಲಿ. ಮುಟ್ಟುಕಾಗ. ನಿಮ್ಮ್ ನೇಮ ಇನ್ನೂ ಬಿಡ್ಲಿಲ್ಲೆ." ಅವರು ನಿಲ್ಲಲಿಲ್ಲ, ಮುಟ್ಟಲೂ ಇಲ್ಲ, ಒಂದು ಮೊಳ ದೂರದಲ್ಲಿ, ಸಾಬೂನಿನ ನೀರು ಹರಿದ ನೆಲದ ಮೇಲೆ ಹಾಗೇ ಕೂತುಬಿಟ್ಟರು. ಪೂಜೆಯ ಪಂಚೆ ಒದ್ದೆಯಾಯಿತು. ಗೇರುಮರದಲ್ಲಿ ಒಂದು ಕಾಗೆ ಬಂದು ಕೂತು, ಬೇಕಾದದ್ದು ಇಲ್ಲಿಲ್ಲವೆಂದು ಹಾರಿಹೋಯಿತು.

"ಉಮಾ," ಎಂದರು. ಆ ಹೆಸರನ್ನು ಅವರು ಕರೆದು ವರ್ಷಗಳಾಗಿದ್ದವು. "ನಿಂದ್ರಗೆ ಒಂಚೂರ್ ನಂಗ್ ಕೊಡ್."

"ಎಂತ?"

"ಸೂತಕ."

ಅವಳು ಮೊದಲ ಸಲ ತಲೆಯೆತ್ತಿ ಗಂಡನನ್ನು ನೋಡಿದಳು. ಗಡ್ಡ ಹೆರೆದ, ಗಂಧ ಹಚ್ಚಿದ, ಮಿಂದು ಮಿಂದು ಬಿಳಿಚಿಕೊಂಡ ಆ ಮುಖವನ್ನು ಹೊಸಬರ ಮುಖದ ಹಾಗೆ ನೋಡಿದಳು. "ಕೊಟ್ರೂ ನಿಮ್ಗ್ ನಿಲ್ಲುದಿಲ್ಲೆ," ಎಂದಳು. "ಮಿಂದ್ರೆ ಹೋತ್ತ್."

"ಮೀಯುದಿಲ್ಲೆ."

"ಅವತ್ತ್ ಅಂಗ್ಳದಗೆ ಇಷ್ಟ್ ದೂರ ಇದ್ದಿದ್ರಿ ನೀವ್." ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಈಗ ಅವಳ ಬಾಯಿಗೆ ಬಂತು. "ಮುಖ ಕಾಣ್ದಿದ್ರೆ ಬೇಡ. ಅವ್ನ್ ಕಾಲಾರೂ ಒಂದ್ಸಲ ಮುಟ್ಕಿತ್ತ್. ಯಾವ್ ದೈವ ಎಂತ ಮಾಡ್ತಿತ್ತ್? ನಾ ಕಾಯ್ದೆ. ಎತ್ತುವಲ್ಲಿವರೆಗೂ ಕಾಯ್ದೆ, ಈಗ್ ಬತ್ರ್, ಈಗ್ ಬತ್ರ್ ಅಂದ್ಹೇಳಿ."

ಚಂದಯ್ಯ ಶೆಟ್ಟರು ಹೌದು ಎಂದು ತಲೆ ಹಾಕಿದರು. ಅವರ ಎರಡೂ ಕೈಗಳು ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿದ್ದವು. ಉಮಾವತಿ ಅಂಗಿಯನ್ನು ಬಾಲ್ದಿಗೆ ಬಿಟ್ಟಳು. ಬಾವಿಯ ನೀರಿನಲ್ಲಿ ಬೆಳಗಿನಿಂದ ನೆಂದ ಕೈಯನ್ನು ಒರೆಸಿಕೊಳ್ಳದೆ, ಮುಂದಕ್ಕೆ ಚಾಚಿ, ಅವರ ಅಂಗೈಯ ಮೇಲಿಟ್ಟು ಒತ್ತಿದಳು.

"ಹೀಂಗ್ ಇದ್ದಿತ್ತ್ ಅವ್ನ್ ಕಾಲ್," ಎಂದಳು. "ಇಷ್ಟ್ ತಣ್ಣಗೆ."

ಚಂದಯ್ಯ ಶೆಟ್ಟರು ಆ ತಣ್ಣನೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಗ್ಗಿದರು, ಹಣೆಯನ್ನು ಅದರ ಮೇಲಿಟ್ಟರು, ಐದು ದಿನ ತಡವಾಗಿ ಮಗನನ್ನು ಮುಟ್ಟಿದರು.